ಅಂಟಿಸಿದ ಕಾಗದದ ಮೇಲೆ ಇದ್ದಿಲಿನ ಗೆರೆ

1912ರ ಮೇ ತಿಂಗಳಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾದ ಆಯಿಲ್‌ಕ್ಲಾತನ್ನು ಕ್ಯಾನ್ವಾಸಿಗೆ ಅಂಟಿಸಿದ. ಅದು ತೈಲಚಿತ್ರ. ಕೊಲಾಜ್, ಅಂದರೆ ತುಂಡುಗಳನ್ನು ಅಂಟಿಸಿ ಚಿತ್ರ ಮಾಡುವ ಕಲೆ, ರೇಖಾಚಿತ್ರದೊಳಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಸೋರ್ಗ್‌ನಲ್ಲಿದ್ದ ಚಿತ್ರಕಾರ ಜಾರ್ಜ್ ಬ್ರಾಕ್‌ನಿಂದ. ಅವಿನ್ಯಾನ್‌ನ ಅಂಗಡಿಯಿಂದ ಓಕ್ ಮರದಂತೆ ಕಾಣುವ ವಾಲ್‌ಪೇಪರ್ ತಂದು ಕತ್ತರಿಸಿ ಅಂಟಿಸಿದ. ಇದ್ದಿಲಿನಲ್ಲಿ ಹಣ್ಣಿನ ತಟ್ಟೆ, ಲೋಟ, ‘ಬಾರ್’, ‘ಏಲ್’ ಎಂಬ ಅಕ್ಷರಗಳನ್ನು ಬರೆದ. ಕೆಳಗಿನ ತುಂಡಿನ ಮೇಲೆ ಒಂದು ಸಣ್ಣ ವೃತ್ತ ಎಳೆದದ್ದೇ ತಡ, ಆ ತುಂಡು ಮೇಜಿನ ಡ್ರಾಯರ್ ಆಯಿತು. ಕಾಗದದ ಅಂಚು ಒಂದು ಕಡೆ, ವಸ್ತುವಿನ ಗೆರೆ ಇನ್ನೊಂದು ಕಡೆ. ಇಡೀ ಚಿತ್ರದ ಜೀವ ಇರುವುದು ಈ ಹೊಂದದಿರುವಿಕೆಯಲ್ಲೇ. ಲೋಟದ ಆಕಾರಕ್ಕೇ ಕಾಗದ ಕತ್ತರಿಸಿ ಅಂಟಿಸಿದರೆ ಅದು ಬರೀ ಬಣ್ಣ ತುಂಬುವ ಕೆಲಸ.

ಇಂಥ ಚಿತ್ರ ನೀವೂ ಮಾಡುವುದಾದರೆ ಮೊದಲು ಅಂಟಿಸಿ, ಆಮೇಲೆ ಬರೆಯಿರಿ. ಇದ್ದಿಲಿನ ಮೇಲೆ ಅಂಟಿನ ಬ್ರಷ್ ಓಡಿದರೆ ಕಪ್ಪು ಕಲೆಯಷ್ಟೇ ಉಳಿಯುತ್ತದೆ.

ತಳಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ಬೇಕು. ಅಂಟಿಗೆ ಒಂದು ಪಾಲು ಗೋಧಿ ಸ್ಟಾರ್ಚ್, ಐದು ಪಾಲು ನೀರು. ಸಣ್ಣ ಉರಿಯಲ್ಲಿ ಬಿಡದೆ ಕಲಕುತ್ತಾ ಅರೆಪಾರದರ್ಶಕವಾಗುವವರೆಗೆ ಬೇಯಿಸಿ, ಆರಿಸಿ, ಸೋಸಿಕೊಳ್ಳಿ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸ್ಟಾರ್ಚಿಗೆ ಬೂಷ್ಟೂ ಬರುತ್ತದೆ, ಬೆಳ್ಳಿಹುಳವೂ ಬರುತ್ತದೆ. ಅಲ್ಲಿ ಮೀಥೈಲ್ ಸೆಲ್ಯುಲೋಸ್ ಎಂಬ ಅಂಟು ವಾಸಿ. ಬಿಳಿ ಫೆವಿಕಾಲ್ ಬಲವಾಗಿ ಹಿಡಿಯುತ್ತದೆ ನಿಜ, ಆದರೆ ಮುಂದೆ ತುಂಡನ್ನು ಹಾನಿಯಿಲ್ಲದೆ ಬಿಡಿಸಲಾಗುವುದಿಲ್ಲ.

ಹೆಚ್ಚು ಕೆಡುವುದು ಒಣಗುವಾಗ. ಒದ್ದೆ ಕಾಗದ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ಒಣಗುತ್ತಾ ಕುಗ್ಗಿ ತಳವನ್ನು ಬಿಲ್ಲಿನಂತೆ ಬಾಗಿಸುತ್ತದೆ. ನಾರಿನ ದಿಕ್ಕು ತಿಳಿಯಲು ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಮಣಿಯುವಾಗ ಮಡಿಕೆಯ ಗೆರೆ ನಾರಿಗೆ ಸಮಾನಾಂತರವಾಗಿರುತ್ತದೆ. ತುಂಡಿನ ನಾರು, ತಳದ ನಾರು ಒಂದೇ ದಿಕ್ಕಿಗಿರಲಿ. ಅಂಟು ಸವರಿ ಎರಡು ನಿಮಿಷ ಹಿಗ್ಗಲು ಬಿಟ್ಟು ಕೂರಿಸಿ, ಬ್ಲಾಟಿಂಗ್ ಪೇಪರ್ ಹೊದಿಸಿ, ರಾತ್ರಿಯಿಡೀ ಭಾರ ಹೇರಿ. ಆದರೂ ಬಾಗಿದರೆ ತಳದ ಹಿಂಬದಿಗೆ ಅಂಥದೇ ಕಾಗದ ಅಂಟಿಸಿ, ಎರಡೂ ಕಡೆಯ ಎಳೆತ ಸರಿದೂಗುತ್ತದೆ.

ಪತ್ರಿಕೆಯ ತುಂಡು ಬಳಸುವ ಆಸೆ ಎಲ್ಲರಿಗೂ. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಬೇಗ ಹಳದಿಯಾಗುತ್ತದೆ. ಬಣ್ಣ ಉಳಿಯಬೇಕಿದ್ದರೆ ಆಮ್ಲರಹಿತ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಶಾಯಿ ಅಂಟಿನ ನೀರಿಗೆ ಹರಡಬಹುದು. ಈಗಿನ ವಿನೈಲ್ ವಾಲ್‌ಪೇಪರ್ ಮೇಲೆ ಇದ್ದಿಲು ನಿಲ್ಲುವುದಿಲ್ಲ, ಪಾರದರ್ಶಕ ಜೆಸೊ (ಚಿತ್ರಕ್ಕೆ ಮೊದಲು ಬಳಿಯುವ ತಳಲೇಪ) ತೆಳುವಾಗಿ ಸವರಿ ಒರಟು ಮಾಡಿಕೊಳ್ಳಬೇಕು.

ಕೊನೆಗೆ ಫಿಕ್ಸೇಟಿವ್, ಅಂದರೆ ಇದ್ದಿಲು ಉದುರದಂತೆ ಹಿಡಿಯುವ ಸ್ಪ್ರೇ: ಸುಮಾರು 30 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಮೂರು ಸಲ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ದಪ್ಪ ಮೌಂಟ್ (ಚಿತ್ರದ ಸುತ್ತಲಿನ ರಟ್ಟಿನ ಅಂಚು) ಕೇಳಿ ಹಾಕಿಸಿ.