ಗೈಡ್ ಭೇಟಿಯನ್ನು ಮುಂದೂಡುವ ಮುನ್ನ

ಪಿಎಚ್‌ಡಿಯ ಮೊದಲ ವರ್ಷದಲ್ಲಿ ಕೋರ್ಸ್‌ವರ್ಕ್, ಪ್ರಸ್ತಾವನೆ ಅಂತ ಬೇರೆಯವರು ಹಾಕಿಕೊಟ್ಟ ಗಡುವುಗಳಿರುತ್ತವೆ. ಕೊನೆಯ ವರ್ಷವನ್ನು ಥೀಸಿಸ್ ಸಲ್ಲಿಸುವ ದಿನಾಂಕವೇ ಎಳೆದುಕೊಂಡು ಹೋಗುತ್ತದೆ. ನಡುವಿನ ವರ್ಷಗಳಲ್ಲಿ ಕೇಳುವವರಿರುವುದಿಲ್ಲ. ಒಂದು ವಾರ ಹೇಳಿಕೊಳ್ಳುವಂಥ ಕೆಲಸ ಆಗಿರುವುದಿಲ್ಲ, ವಿದ್ಯಾರ್ಥಿ ಗೈಡ್, ಅಂದರೆ ಸಂಶೋಧನಾ ಮಾರ್ಗದರ್ಶಕರ, ಭೇಟಿಯನ್ನು ಮುಂದಕ್ಕೆ ಹಾಕುತ್ತಾರೆ. ಮುಂದಿನ ವಾರ ಎರಡು ವಾರದ ಲೆಕ್ಕ ಒಪ್ಪಿಸಬೇಕಲ್ಲ ಎಂಬ ಅಳುಕು. ಆಮೇಲೆ ಕಾರಿಡಾರಿನಲ್ಲಿ ಗೈಡ್ ಎದುರಾದರೆ ದಾರಿ ಬದಲಿಸುವುದು. ಬರಿಗೈಯಲ್ಲಿ ಹೋಗುವುದು ಹೇಗೆ ಎಂಬ ಯೋಚನೆ ವಾರವಾರಕ್ಕೂ ಭಾರವಾಗುತ್ತದೆ. ಇತ್ತ ಗೈಡ್, ಕೆಲಸ ಸಾಗುತ್ತಿರಬೇಕು, ಅದಕ್ಕೇ ಬಂದಿಲ್ಲ ಎಂದುಕೊಂಡು ಸುಮ್ಮನಿರುತ್ತಾರೆ. ಎಷ್ಟೋ ಪಿಎಚ್‌ಡಿಗಳು ಈ ಮೌನದಲ್ಲೇ ಹಾಳಾಗುತ್ತವೆ.

ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ 3,659 ಪಿಎಚ್‌ಡಿ ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಮಾನಸಿಕ ಸಮಸ್ಯೆಯ, ಮುಖ್ಯವಾಗಿ ಖಿನ್ನತೆಯ, ಅಪಾಯ ಕಂಡುಬಂದಿತ್ತು. ಅದರ ಜೊತೆ ತಳಕು ಹಾಕಿಕೊಂಡಿದ್ದ ಅಂಶಗಳು ಕೆಲಸದ ಹೊರೆ, ಕೆಲಸದ ಮೇಲೆ ತನಗಿರುವ ಹಿಡಿತ, ಮನೆ ಮತ್ತು ಕೆಲಸದ ನಡುವಿನ ಜಗ್ಗಾಟ, ಮಾರ್ಗದರ್ಶಕರ ನಡವಳಿಕೆಯ ರೀತಿ. ಒತ್ತಡ ನಿರ್ವಹಣೆಯ ಕಾರ್ಯಾಗಾರಗಳು ಬೇಡವೆಂದಲ್ಲ. ಆದರೆ ಈ ಪಟ್ಟಿಯಲ್ಲಿರುವ ಬಹಳಷ್ಟು ಗೈಡ್ ಜೊತೆ ಕೂರುವ ಆ ಒಂದು ಗಂಟೆಯಲ್ಲಿ ಸರಿಯಾಗಬೇಕಾದದ್ದು, ಇಲ್ಲವೇ ಕೆಡುವಂಥದ್ದು.

ಹಾಗಾಗಿ ಭೇಟಿಯ ದಿನ, ಹೊತ್ತು ಗೊತ್ತುಮಾಡಿಬಿಡಿ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ, 45ರಿಂದ 60 ನಿಮಿಷ. ಕೆಲಸ ಆಗಿದ್ದರೂ ಆಗದಿದ್ದರೂ ಭೇಟಿ ನಡೆಯಲೇಬೇಕು. ಕೆಲಸ ಆಗದ ವಾರದ ಭೇಟಿಯಿಂದಲೇ ಹೆಚ್ಚು ಉಪಯೋಗ, ಯಾಕೆಂದರೆ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಆಗ ಬಿಸಿಬಿಸಿಯಾಗಿ ನೆನಪಿರುತ್ತದೆ.

ಭೇಟಿಗೆ 24 ಗಂಟೆ ಮೊದಲು ವಿದ್ಯಾರ್ಥಿಯಿಂದ ಒಂದು ಪುಟದ ಟಿಪ್ಪಣಿ ಹೋಗಬೇಕು. ಒಂದು ಪುಟ ಮೀರಬಾರದು. ಏನು ಮಾಡಿದೆ ಎಂಬುದಕ್ಕೆ ನಾಲ್ಕು ಸಾಲು ಸಾಕು. ಎಲ್ಲಿ ನಿಂತಿದೆ, ಯಾವ ನಿರ್ಧಾರ ಬೇಕು ಎಂಬುದಕ್ಕೆ ಉಳಿದ ಪುಟ. ಸಾಮಾನ್ಯವಾಗಿ ಇದು ತಿರುವುಮುರುವಾಗುತ್ತದೆ: ಓದಿದ ಲೇಖನಗಳ ಪಟ್ಟಿ, ಮಾಡಿದ ಗ್ರಾಫುಗಳ ಪಟ್ಟಿ, ಎಲ್ಲಾ ಸೇರಿ ಹಾಜರಾತಿ ವರದಿ. ಅದನ್ನು ಒಂದೊಂದಾಗಿ ನೋಡುವಷ್ಟರಲ್ಲಿ 50 ನಿಮಿಷ ಕಳೆದು, ನಿಜವಾದ ಪ್ರಶ್ನೆ ಬಾಗಿಲ ಬಳಿ ನಿಂತುಕೊಂಡು ಕೇಳುವಂತಾಗುತ್ತದೆ. ಪ್ರಶ್ನೆಯನ್ನು ಪುಟದ ಮೇಲ್ತುದಿಯಲ್ಲಿ ಬರೆದರೆ ಈ ತಾಪತ್ರಯವಿಲ್ಲ.

ಪ್ರಶ್ನೆ ಹೇಗಿರಬೇಕು? ‘ಮೂರನೇ ಚಾಪ್ಟರ್ ನೋಡಿ ಹೇಳಿ ಸರ್’ ಎಂದರೆ ಗೈಡ್ ಕಣ್ಣಿಗೆ ಮೊದಲು ಬೀಳುವುದು ಕಾಗುಣಿತ, ಅಲ್ಪವಿರಾಮ. ಕಡತ ಕೆಂಪಾಗಿ ವಾಪಸ್ ಬರುತ್ತದೆ, ವಾದ ಮಾತ್ರ ಇದ್ದಲ್ಲೇ ಇರುತ್ತದೆ. ಬದಲಿಗೆ ಹೀಗೆ ಬರೆಯಬಹುದು: ‘40 ಸಂದರ್ಶನಗಳಲ್ಲಿ 6ರ ಧ್ವನಿಮುದ್ರಣ ಸ್ಪಷ್ಟವಿಲ್ಲ. ಅವುಗಳನ್ನು ಪೂರ್ತಿ ಕೈಬಿಟ್ಟು ಕಾರಣ ಬರೆಯಲೇ, ಅಥವಾ ಆ ದಿನದ ಕೈಬರಹದ ಟಿಪ್ಪಣಿಗಳನ್ನು ಬಳಸಲೇ? ನನ್ನ ಒಲವು ಕೈಬಿಡುವ ಕಡೆಗಿದೆ. ಭಾಷೆ ಇನ್ನೂ ತಿದ್ದಿಲ್ಲ, ಅದನ್ನು ಈಗ ನೋಡಬೇಡಿ.’ ಇದಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಕೊನೆಯ ವಾಕ್ಯವನ್ನು ಬಿಡಬೇಡಿ. ಯಾವ ಬಗೆಯ ಓದು ಬೇಕು ಎಂದು ಹೇಳುವುದು ಉದ್ಧಟತನ ಎಂದು ಅನೇಕರು ಹೆದರುತ್ತಾರೆ. ಸಮಯವಿಲ್ಲದ ಗೈಡ್‌ಗೆ ಅದು ದೊಡ್ಡ ಉಪಕಾರ.

ಭೇಟಿ ಮುಗಿದ ದಿನವೇ ಐದು ಸಾಲಿನ ಮೇಲ್ ಕಳಿಸಿ: ಏನು ತೀರ್ಮಾನವಾಯಿತು, ಯಾರು ಏನು ಮಾಡಬೇಕು, ಯಾವತ್ತಿನೊಳಗೆ. ಗೈಡ್‌ಗೆ ಆರು ಜನ ವಿದ್ಯಾರ್ಥಿಗಳಿದ್ದರೆ, ಮೂರು ತಿಂಗಳ ಹಿಂದೆ ಬೇಡವೆಂದ ವಿಶ್ಲೇಷಣೆಯನ್ನೇ ಈಗ ‘ಯಾಕೆ ಮಾಡಿಲ್ಲ?’ ಎಂದು ಕೇಳುವುದು ಸಹಜ. ಅದರಲ್ಲಿ ದ್ವೇಷವೇನೂ ಇಲ್ಲ, ಮರೆವು ಅಷ್ಟೆ. ಮೇಲ್ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಗೈಡ್ ಕಡೆಯಿಂದಲೂ ಎರಡು ಮಾತು ಬರಹದಲ್ಲಿ ಬೇಕು. ಒಂದು, ಡ್ರಾಫ್ಟ್ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ. ಚಾಪ್ಟರ್ ಒಂದಕ್ಕೆ ಎರಡು ವಾರ ನ್ಯಾಯವಾದ ಅವಧಿ. ಕೊಟ್ಟ ಡ್ರಾಫ್ಟ್ ಎರಡು ತಿಂಗಳು ಮೇಜಿನ ಮೇಲಿದ್ದರೆ ವಿದ್ಯಾರ್ಥಿ ಅದನ್ನು ‘ಓದಲು ಯೋಗ್ಯವಿಲ್ಲ’ ಎಂಬ ತೀರ್ಪು ಎಂದೇ ತಿಳಿಯುತ್ತಾರೆ. ಇನ್ನೊಂದು, ಟಿಪ್ಪಣಿಗಳಲ್ಲಿ ಯಾವುದು ಮಾಡಲೇಬೇಕಾದದ್ದು, ಯಾವುದು ಸಲಹೆ ಮಾತ್ರ ಎಂಬ ಗುರುತು. ಗುರುತಿಲ್ಲದ 80 ಟಿಪ್ಪಣಿ ಬಂದರೆ ವಿದ್ಯಾರ್ಥಿ ಸುಲಭದ ಎಪ್ಪತ್ತನ್ನು ಸರಿಮಾಡಿ, ಮುಖ್ಯವಾದ ಹತ್ತನ್ನು ಮುಟ್ಟದೆ ಬಿಡುತ್ತಾರೆ. ಜರ್ನಲ್‌ಗೆ ಕಳಿಸುವ ಸಂಶೋಧನಾ ಲೇಖನದಲ್ಲಿ ಲೇಖಕರ ಹೆಸರಿನ ಕ್ರಮವನ್ನೂ ಬರೆಯುವ ಮುಂಚೆಯೇ ಮಾತಾಡಿಕೊಳ್ಳುವುದು ಲೇಸು.

ಇನ್ನು ಸಮಯದ ಅಂದಾಜು. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿ ಹಂತದ (ಆನರ್ಸ್) ವಿದ್ಯಾರ್ಥಿಗಳು ತಮ್ಮ ಥೀಸಿಸ್ ಮುಗಿಸಲು ಸರಾಸರಿ ಸುಮಾರು 34 ದಿನ ಬೇಕೆಂದರು. ಎಲ್ಲವೂ ಕೈಕೊಟ್ಟರೆ ಎಂದು ಕೇಳಿದಾಗ ಸುಮಾರು 49 ದಿನ ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಅತ್ಯಂತ ಕೆಟ್ಟ ಅಂದಾಜೂ ಸಾಲದಾಯಿತು! ಕೆಲಸ ತಡವಾದಾಗ ನಾನೇ ಅಯೋಗ್ಯ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಅಂದಾಜು ಹಾಕುವಾಗ ಊಹೆ ಬಿಟ್ಟು, ಹಿಂದಿನ ಚಾಪ್ಟರ್‌ಗೆ ನಿಜಕ್ಕೂ ಎಷ್ಟು ವಾರ ಹಿಡಿಯಿತು ಎಂದು ಮೇಲ್‌ಗಳಲ್ಲಿ ನೋಡಿ, ಅದನ್ನೇ ಮುಂದಿನದಕ್ಕೂ ಹಾಕಿ. ಗೈಡ್ ಓದುವ ಎರಡು ವಾರ, ತಿದ್ದುವ ಎರಡು ವಾರವನ್ನು ಬೇರೆಯಾಗಿಯೇ ಲೆಕ್ಕ ಹಿಡಿಯಿರಿ.

ಭೇಟಿಯನ್ನು ಎಷ್ಟೇ ಚೆನ್ನಾಗಿ ನಡೆಸಿದರೂ ಅದು ಚಿಕಿತ್ಸೆಯಾಗುವುದಿಲ್ಲ. ಎರಡು ವಾರಕ್ಕೂ ಮೀರಿ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿದ್ದು, ನಿದ್ದೆ ಊಟ ಏರುಪೇರಾಗಿ, ಇಷ್ಟದ ಕೆಲಸದಲ್ಲೂ ಆಸಕ್ತಿ ಸತ್ತಿದ್ದರೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಬೇಕು. ಗೈಡ್ ತಾನೇ ಸಮಾಲೋಚಕರಾಗಲು ಹೋಗಬಾರದು. ‘ಧೈರ್ಯವಾಗಿರು’ ಎಂದು ಕೈತೊಳೆದುಕೊಳ್ಳಲೂಬಾರದು. ಜೊತೆಗೆ ಹೋಗುತ್ತೇನೆ ಎನ್ನಬಹುದು, ಗಡುವು ಮುಂದೆ ಹೋಗಿದೆ ಎಂದು ಬರಹದಲ್ಲಿ ಕೊಡಬಹುದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಆಗಲೇ ಸಹಾಯ ಕರೆಸಿ.

ಈಗಾಗಲೇ ತಿಂಗಳುಗಟ್ಟಲೆ ಮಾತು ನಿಂತಿದ್ದರೆ ಮೊದಲ ಮೇಲ್ ಚಿಕ್ಕದಿರಲಿ. ಕ್ಷಮಾಪಣೆಯ ಎರಡು ಪುಟ ಬರೆಯಲು ಕೂತರೆ ಅದನ್ನು ಕಳಿಸುವ ದಿನವೇ ಬರುವುದಿಲ್ಲ. ‘ಕೆಲಸ ನಿಂತಿದೆ. ಮತ್ತೆ ಶುರುಮಾಡಬೇಕು. ಈ ವಾರ 30 ನಿಮಿಷ ಸಿಗುತ್ತೀರಾ? ಕೊನೆಯದಾಗಿ ಕೆಲಸ ಮಾಡಿದ ಕಡತ ಇಲ್ಲಿದೆ.’ ಇಷ್ಟೇ ಸಾಕು. ಕಡತ ಅರ್ಧಂಬರ್ಧ ಇದ್ದರೂ ಸರಿ, ಲಗತ್ತಿಸಿ. ಇಂಥ ಮೇಲ್ ಬಂದಾಗ ಗೈಡ್ ಆ ದಿನವೇ ಸಮಯ ಹೇಳಿ ಉತ್ತರಿಸಬೇಕು. ಆ ಅರ್ಧ ಗಂಟೆಯಲ್ಲಿ ಎಲ್ಲಿದ್ದೆ, ಯಾಕೆ ಬರಲಿಲ್ಲ ಎಂದು ವಿಚಾರಣೆ ನಡೆಸದೆ, ಆ ಕಡತವನ್ನೇ ತೆರೆದು ಮುಂದಿನ ವಾರಕ್ಕೆ ಮುಗಿಸಬಹುದಾದ ಒಂದೇ ಒಂದು ಕೆಲಸವನ್ನು ಇಬ್ಬರೂ ಕೂತು ಗುರುತಿಸಬೇಕು.