ಕುದುರೆಯ ಕಾಲಿಗೆ ನೀವು ಬಿಗಿಯುವ ಪಟ್ಟಿಯನ್ನು ನಾವೇಕೆ ಬಿಗಿಯಬಾರದು?

ಸವಾರಿ ಶಾಲೆ ನಡೆಸುವವರು, ಲಾಯದ ಸೈಸ್‌ಗಳು, ಮೈಸೂರಿನ ಟಾಂಗಾವಾಲರು ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಹೀಗಿರುತ್ತದೆ: "ಡಾಕ್ಟರೇ, ಕುದುರೆಯ ಕಾಲಿಗೆ ಗಾಯವಾಗಿ ರಕ್ತ ಸುರಿಯುವಾಗ ನಾವು ಮೇಲೆ ಹಗ್ಗ ಬಿಗಿದರೆ ಬೈಯುತ್ತೀರಿ. ಆಮೇಲೆ ನೀವೇ ಬಂದು ಅದೇ ಕಾಲಿಗೆ ರಬ್ಬರ್ ಪಟ್ಟಿ ಬಿಗಿದು ಅರ್ಧ ಗಂಟೆ ನಿಲ್ಲಿಸುತ್ತೀರಿ. ಇದೆಂಥ ನ್ಯಾಯ?"

ನ್ಯಾಯವಾದ ಪ್ರಶ್ನೆಯೇ. ಬೈದು ಸುಮ್ಮನಾಗುವುದಕ್ಕಿಂತ ಕಾರಣ ಹೇಳುವುದು ನಮ್ಮ ಕೆಲಸ. ನಾವು ಆ ಪಟ್ಟಿಯನ್ನು, ಅಂದರೆ ಟೂರ್ನಿಕೆಟ್ಟನ್ನು, ಬಿಗಿಯುವುದು ಹೆಚ್ಚಿನ ಸಲ ರಕ್ತ ನಿಲ್ಲಿಸುವುದಕ್ಕಲ್ಲ; ಔಷಧವನ್ನು ಕಾಲಿನಲ್ಲೇ ಹಿಡಿದಿಡುವುದಕ್ಕೆ.

ಮೊದಲು ರಕ್ತದ ವಿಷಯ. ಐನೂರು ಕಿಲೋ ತೂಗುವ ಕುದುರೆಯ ಮೈಯಲ್ಲಿ ಸುಮಾರು 40 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಮೂರು ನಾಲ್ಕು ಲೀಟರ್ ಹೋದರೂ ಆರೋಗ್ಯವಂತ ಕುದುರೆ ತಾಳಿಕೊಳ್ಳುತ್ತದೆ. ಆದರೆ ಒಂದೇ ಲೀಟರ್ ನೆಲದ ಮೇಲೆ ಹರಡಿದರೂ ನೋಡುವವರ ಕೈಕಾಲು ನಡುಗುತ್ತದೆ. ಆ ಗಾಬರಿಯಲ್ಲಿ ಸಿಕ್ಕಿದ ಹಗ್ಗವನ್ನು ಬಿಗಿಯುತ್ತಾರೆ. ಅಲ್ಲಿಂದ ತೊಂದರೆ ಶುರು.

ಕುದುರೆಯ ಮುಂಗಾಲಿನ ಮೊಣಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲ ಎನ್ನಬಹುದು. ಚರ್ಮ, ಅದರಡಿ ಸ್ನಾಯುರಜ್ಜು, ನರ, ರಕ್ತನಾಳ, ಮೂಳೆ, ಅಷ್ಟೇ. ಹಗ್ಗದ ಬಿಗಿತವನ್ನು ಹಂಚಿಕೊಳ್ಳಲು ಮೆತ್ತನೆಯದೇನೂ ಇಲ್ಲದೆ ಅದೆಲ್ಲ ನೇರವಾಗಿ ನರಕ್ಕೂ ರಜ್ಜುವಿಗೂ ತಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಚರ್ಮ ಸಾಯುತ್ತದೆ. ಗಾಯ ಎಂದೋ ಮಾಸಿದ ಮೇಲೂ ಕೆಲವು ಕಾಲುಗಳಲ್ಲಿ ಬಳೆ ತೊಡಿಸಿದ ಹಾಗೆ ಬಿಳಿಕೂದಲಿನ ಗೆರೆ ಉಳಿಯುತ್ತದೆ. ಒತ್ತಡಕ್ಕೆ ಕೂದಲಿನ ಬುಡ ಕೆಟ್ಟಾಗ ಬಣ್ಣವಿಲ್ಲದ ಕೂದಲು ಹುಟ್ಟುವುದರಿಂದ ಹೀಗಾಗುತ್ತದೆ.

ಇನ್ನೊಂದು ಅಪಾಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಅರೆಬರೆ ಬಿಗಿದ ಹಗ್ಗ ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ರಕ್ತವನ್ನು ಹೃದಯದ ಕಡೆಗೆ ಒಯ್ಯುವ ಅಭಿಧಮನಿಗಳ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ. ಸ್ವಲ್ಪ ಬಿಗಿದರೂ ಮುಚ್ಚಿಕೊಳ್ಳುತ್ತವೆ. ಹೃದಯದಿಂದ ರಕ್ತ ತರುವ ಅಪಧಮನಿಗಳು ಅಷ್ಟಕ್ಕೆ ಮುಚ್ಚುವುದಿಲ್ಲ. ಕಾಲಿಗೆ ರಕ್ತ ಬರುತ್ತಲೇ ಇರುತ್ತದೆ, ವಾಪಸು ಹೋಗುವ ದಾರಿ ಬಂದ್. ಆಗ ಗಾಯವೇ ಅದಕ್ಕೆ ದಾರಿ.

ಹಾಗಾದರೆ ಏನು ಮಾಡಬೇಕು? ಗಾಯದ ಮೇಲೆಯೇ ಒತ್ತಬೇಕು. ಶುದ್ಧವಾದ ಬಟ್ಟೆ, ಮಗುವಿನ ಡೈಪರ್ ಅಥವಾ ಸ್ಯಾನಿಟರಿ ಪ್ಯಾಡ್ ಇಟ್ಟು, ಅದರ ಮೇಲೆ ದಪ್ಪಗೆ ಹತ್ತಿ ಸುತ್ತಿ, ಕ್ರೇಪ್ ಬ್ಯಾಂಡೇಜನ್ನು ಒಂದೇ ಸಮನಾಗಿ ಬಿಗಿದು ಕಟ್ಟಿ. ರಕ್ತ ಹೊರಗೆ ಒಸರಿದರೆ ಬಿಚ್ಚಬೇಡಿ, ಮೇಲೆಯೇ ಇನ್ನೊಂದು ಸುತ್ತು ಹಾಕಿ. "ನಿಂತಿದೆಯೋ ಇಲ್ಲವೋ" ಎಂದು ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡುವವರು ಆಗತಾನೇ ಹೆಪ್ಪುಗಟ್ಟಿದ್ದನ್ನು ಕಿತ್ತುಹಾಕುತ್ತಿರುತ್ತಾರೆ. ಅರಿಶಿನ, ಕಾಫಿಪುಡಿ, ಬಣ್ಣದ ಪೌಡರ್ ಯಾವುದೂ ಬೇಡ. ಅವನ್ನೆಲ್ಲ ತೊಳೆದು ತೆಗೆದ ಮೇಲೆಯೇ ನನಗೆ ಗಾಯದ ಆಳ ಕಾಣುವುದು. ಹಾವು ಕಚ್ಚಿದಾಗಲೂ ಹಗ್ಗ ಕಟ್ಟಬೇಡಿ. ಕುದುರೆಯನ್ನು ನಡೆಸದೆ ನಿಂತಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಸಿ.

ಒಂದು ವಿನಾಯಿತಿ ಇದೆ. ಕೆಂಪಗಿನ ರಕ್ತ ಹೃದಯದ ಬಡಿತದೊಂದಿಗೆ ಚಿಮ್ಮುತ್ತಿದ್ದು, ಎಷ್ಟು ಒತ್ತಿದರೂ ನಿಲ್ಲದಿದ್ದರೆ, ಜೀವ ಉಳಿಸಲು ಪಟ್ಟಿ ಬಿಗಿಯಲೇಬೇಕಾಗಬಹುದು. ಆಗಲೂ ಹಗ್ಗ, ತಂತಿ ಬೇಡ. ಅಗಲವಾದ ಪಟ್ಟಿ ಇರಲಿ, ಅಡಿಯಲ್ಲಿ ಬಟ್ಟೆಯ ಮೆತ್ತೆ ಇರಲಿ, ಬಿಗಿದ ಗಳಿಗೆಯನ್ನು ಬರೆದಿಡಿ, ಫೋನಿನಲ್ಲಿ ಮೊದಲು ಅದನ್ನೇ ಹೇಳಿ. ನೋವಿನಿಂದ ಹುಚ್ಚೆದ್ದ ಕುದುರೆಯ ಕಾಲಡಿಗೆ ಒಬ್ಬರೇ ಬಗ್ಗಬೇಡಿ.

ಈಗ ನಮ್ಮ ಅರ್ಧ ಗಂಟೆಯ ಪಟ್ಟಿಯ ಕಥೆ. ನನಗೆ ಹೆದರಿಕೆ ಹುಟ್ಟಿಸುವುದು ರಕ್ತ ಸುರಿಸುವ ದೊಡ್ಡ ಗಾಯವಲ್ಲ, ಗೊರಸಿನ ಮೇಲಿನ ಗೆಣ್ಣಿನ ಪಕ್ಕದಲ್ಲಿ ಮುಳ್ಳುತಂತಿಯೋ ಮೊಳೆಯೋ ಚುಚ್ಚಿದ ಸಣ್ಣ ತೂತು. ಎರಡು ಹನಿ ರಕ್ತ ಬಂದು ನಿಂತಿರುತ್ತದೆ, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಆ ತೂತು ಕೀಲಿನ ಒಳಗೆ ಹೊಕ್ಕಿದ್ದರೆ ಒಂದೆರಡು ದಿನಗಳಲ್ಲಿ ಕುದುರೆ ಕಾಲನ್ನು ನೆಲಕ್ಕೆ ಊರುವುದೇ ಇಲ್ಲ. ಆರೋಗ್ಯವಾದ ಕೀಲಿನ ದ್ರವ ತಿಳಿಹಳದಿ ಬಣ್ಣದ್ದು, ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಎಳೆಯಾಗಿ ಬರುತ್ತದೆ. ಸೋಂಕು ತಗುಲಿದ ಮೇಲೆ ಅದು ನೀರಿನಂತೆ ತೆಳ್ಳಗಾಗಿ ಮಬ್ಬಾಗುತ್ತದೆ. ಅದನ್ನು ಸಿರಿಂಜಿಗೆ ಎಳೆದುಕೊಂಡಾಗ ಆ ಮಬ್ಬು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕೀಲಿನ ಮೃದ್ವಸ್ಥಿ ಒಮ್ಮೆ ಸವೆದರೆ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ, ಮೂರು ಕಾಲಿನ ಮೇಲೆ ಕುದುರೆ ಬಹುಕಾಲ ಬದುಕುವುದೂ ಇಲ್ಲ.

ಇಂಥ ಕೀಲನ್ನು ಮೊದಲು ಶುದ್ಧವಾದ ದ್ರಾವಣದಿಂದ ಚೆನ್ನಾಗಿ ತೊಳೆಯಬೇಕು. ಅದರ ಜೊತೆಗೆ ಬರುವುದು ಪಟ್ಟಿಯ ಚಿಕಿತ್ಸೆ. ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು ದೊಡ್ಡ ಕುದುರೆಯ ಇಡೀ ಮೈಗೆ ಕೊಡಲು ಹೊರಟರೆ ಸುಮಾರು 5 ಗ್ರಾಂ ಬೇಕು, ಮೂತ್ರಪಿಂಡದ ಮೇಲೂ ಕಣ್ಣಿಟ್ಟಿರಬೇಕು. ಅಷ್ಟು ಕೊಟ್ಟರೂ ಕೀಲಿಗೆ ತಲುಪುವುದು ಅಲ್ಪ. ಕಾಲಿಗೆ ಪಟ್ಟಿ ಬಿಗಿದು, ಅದರ ಕೆಳಗಿನ ಅಭಿಧಮನಿಗೆ ಒಂದೆರಡು ಗ್ರಾಂ ಔಷಧವನ್ನೇ ಲವಣದ್ರಾವಣದಲ್ಲಿ ಬೆರೆಸಿ ಕೊಟ್ಟರೆ, ಹೋಗಲು ಬೇರೆ ದಾರಿಯಿಲ್ಲದೆ ಅದು ಕೀಲು, ರಜ್ಜು, ಮೂಳೆಗಳೊಳಗೆ ಇಳಿಯುತ್ತದೆ. ಮೈಗೆಲ್ಲ ಕೊಟ್ಟಾಗ ಸಿಗುವುದಕ್ಕಿಂತ ಹಲವು ಪಟ್ಟು ಪ್ರಮಾಣ ಅಲ್ಲಿ ಸಿಗುತ್ತದೆ. ಅಮಿಕಾಸಿನ್ ಕೊಲ್ಲುವ ರೀತಿಯೇ ಅಂಥದ್ದು: ಪ್ರಮಾಣ ಏರಿದಷ್ಟೂ ಹೊಡೆತ ಜೋರು. ಮೂಲದಲ್ಲಿ ಇದು ಮನುಷ್ಯರ ವೈದ್ಯದಿಂದ ಬಂದ ವಿದ್ಯೆ. ಜರ್ಮನಿಯ ಎಸ್ಮಾರ್ಕ್ 1873ರಲ್ಲಿ ರಬ್ಬರ್ ಪಟ್ಟಿಯಿಂದ ಕೈಕಾಲಿನ ರಕ್ತವನ್ನು ಹಿಂಡಿ ಶಸ್ತ್ರಚಿಕಿತ್ಸೆ ಮಾಡುವುದನ್ನು ತೋರಿಸಿದರು. 1908ರಲ್ಲಿ ಆಗಸ್ಟ್ ಬಿಯರ್ ಪಟ್ಟಿ ಬಿಗಿದ ತೋಳಿನ ರಕ್ತನಾಳಕ್ಕೆ ಅರಿವಳಿಕೆ ತುಂಬಿದರು. ನಾವು ಅರಿವಳಿಕೆಯ ಜಾಗದಲ್ಲಿ ಆ್ಯಂಟಿಬಯೋಟಿಕ್ ತುಂಬುತ್ತೇವೆ.

ಇದನ್ನು ಹತ್ತಿರದಿಂದ ನೋಡಿದವರಿಗೆ ಹಗ್ಗಕ್ಕೂ ಇದಕ್ಕೂ ಇರುವ ದೂರ ತಾನಾಗಿ ತಿಳಿಯುತ್ತದೆ. ಮೊದಲು ಮಂಪರಿನ ಔಷಧ ಕೊಡುತ್ತೇನೆ. ಕುದುರೆಯ ತಲೆ ಎದೆಮಟ್ಟಕ್ಕೆ ಇಳಿದು, ಕೆಳತುಟಿ ಜೋತುಬೀಳುವವರೆಗೆ ಕಾಯುತ್ತೇನೆ. ಅದು ಕಾಲು ಅಲುಗಾಡಿಸಿದರೆ ಪಟ್ಟಿಯ ಅಡಿಯಿಂದ ಔಷಧ ಮೇಲಕ್ಕೆ ಸೋರಿಹೋಗುತ್ತದೆ, ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಎಷ್ಟೋ ಸಲ ಮೇಲ್ಗಡೆಯ ನರಕ್ಕೂ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತೇವೆ. ರಕ್ತನಾಳ ಹಾದುಹೋಗುವ ತಗ್ಗಿನಲ್ಲಿ ಎರಡೂ ಬದಿಗೆ ಗಾಜ್ ಬಟ್ಟೆಯ ಗಟ್ಟಿ ಸುರುಳಿ ಇಟ್ಟು, ಅದರ ಮೇಲೆ ಅಗಲವಾದ ರಬ್ಬರ್ ಪಟ್ಟಿಯನ್ನು ಸುತ್ತಿನ ಮೇಲೆ ಸುತ್ತು ಎಳೆದು ಕಟ್ಟುತ್ತೇವೆ. ಸಪೂರ ರಬ್ಬರ್ ಕೊಳವೆ ಇಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಗಾಳಿ ತುಂಬುವ ಪಟ್ಟಿಯಾದರೆ ಇನ್ನೂ ಒಳ್ಳೆಯದು, ಒತ್ತಡವನ್ನು ಅಳೆಯಬಹುದು. ಪಟ್ಟಿಯ ಕೆಳಗೆ ಅಭಿಧಮನಿ ಉಬ್ಬಿ ನಿಂತಾಗ ತೀರಾ ಸಣ್ಣ ಸೂಜಿಯಿಂದ ನಿಧಾನವಾಗಿ ಔಷಧ ಏರಿಸುತ್ತೇನೆ. ಅವಸರಪಟ್ಟರೆ ಸಿರೆ ಒಡೆದು ಮರುದಿನಕ್ಕೆ ಆ ಜಾಗವೇ ಸಿಗುವುದಿಲ್ಲ, ಈ ಚಿಕಿತ್ಸೆಯನ್ನೋ ಎರಡು ಮೂರು ಸಲ ಮಾಡಬೇಕಾಗುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷ. ಅಷ್ಟೂ ಹೊತ್ತು ಒಬ್ಬರು ಗಡಿಯಾರ ನೋಡುತ್ತಾರೆ, ಒಬ್ಬರು ಕುದುರೆಯ ತಲೆಯ ಬಳಿ ನಿಂತಿರುತ್ತಾರೆ.

"ನೋಯುವುದಿಲ್ಲವೇ?" ಎಂದೂ ಕೇಳುತ್ತಾರೆ. ನೋಯುತ್ತದೆ, ಮಂಪರು ಕೊಡುವುದು ಅದಕ್ಕೂ ಹೌದು. ಗೊರಸಿನ ಶಸ್ತ್ರಚಿಕಿತ್ಸೆಗೆ, ರಕ್ತದ ಅಡ್ಡಿಯಿಲ್ಲದೆ ಒಳಗೆ ಕಾಣಲೆಂದು ಗೆಣ್ಣಿನ ಬಳಿ ಪಟ್ಟಿ ಬಿಗಿಯುವಾಗಲೂ ಇದೇ ಎಚ್ಚರಿಕೆ.

ಇಷ್ಟು ಕೇಳಿದ ಮೇಲೆ "ನಮಗೂ ಕಲಿಸಿಕೊಡಿ" ಎನ್ನುವವರಿದ್ದಾರೆ. ಅವರಿಗೆ ಇದಕ್ಕಿಂತ ಬೆಲೆಬಾಳುವ ಕೆಲಸ ಬೇರೆಯಿದೆ. ಪ್ರತಿದಿನ ನಾಲ್ಕೂ ಕಾಲನ್ನು ಕೈಯಿಂದ ಸವರಿ ನೋಡಿ, ಸಣ್ಣ ತೂತು ಕೈಗೆ ಸಿಕ್ಕಿದ ದಿನವೇ ಕರೆ ಮಾಡಿ. ಕುಂಟು ನಿಲ್ಲಲೆಂದು ನೋವಿನ ಔಷಧ ಕೊಟ್ಟು ಎರಡು ದಿನ ಕಾಯಬೇಡಿ. ಧನುರ್ವಾಯುವಿನ ಲಸಿಕೆ ಯಾವಾಗ ಕೊಡಿಸಿದಿರಿ ಎಂಬುದು ಗೊತ್ತಿರಲಿ, ಕುದುರೆಗೆ ಆ ರೋಗ ಬಹುಬೇಗ ತಗುಲುತ್ತದೆ. ಗೊರಸಿನ ಅಡಿಗೆ ಮೊಳೆ ಚುಚ್ಚಿಕೊಂಡಿದ್ದರೆ, ಸಾಧ್ಯವಾದಷ್ಟೂ ಅದನ್ನು ಕೀಳದೆ ಬಿಡಿ. ಮೊಳೆಯ ಎರಡೂ ಪಕ್ಕಕ್ಕೆ ಅದಕ್ಕಿಂತ ಎತ್ತರದ ಮರದ ತುಂಡು ಇಟ್ಟು ಟೇಪು ಸುತ್ತಿದರೆ ಕಾಲೂರಿದಾಗ ಅದು ಇನ್ನೂ ಒಳಕ್ಕೆ ಹೋಗುವುದಿಲ್ಲ. ಮೊಳೆ ಇದ್ದಲ್ಲೇ ಇರುವಾಗ ತೆಗೆದ ಎಕ್ಸ್‌ರೇಯಲ್ಲಿ ಅದು ಯಾವ ಕಡೆಗೆ, ಎಷ್ಟು ಆಳಕ್ಕೆ ಹೋಗಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಿತ್ತ ಮೇಲೆ ಗೊರಸು ಮುಚ್ಚಿಕೊಂಡುಬಿಡುತ್ತದೆ, ಮೊಳೆ ಹೋದ ದಾರಿಯನ್ನು ಮತ್ತೆ ಹುಡುಕುವುದು ಕಷ್ಟ.