ಸುತ್ತಿಗೆ ಗಂಡೋ ಹೆಣ್ಣೋ?

ಹೇಳುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬಾಯಲ್ಲಿ ಹೇಳಿದಾಗಲೆಲ್ಲ ಎದುರಿಗಿದ್ದವರು ಹತ್ತಿರ ಬಂದು, "ಹೋಗಲಿ, ನನಗೊಬ್ಬರಿಗೆ ಹೇಳಿ" ಎನ್ನುತ್ತಾರೆ. ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನೊಂದು ಬೇಹುಗಾರಿಕೆಯ ಕಾದಂಬರಿ ಬರೆದೆ. ಅದರಲ್ಲಿ ಶತ್ರು ದೇಶದೊಳಗೆ 11 ವರ್ಷ ಅಡಗಿರುವ ಏಜೆಂಟ್ ಒಬ್ಬರಿದ್ದಾರೆ. ಗುಪ್ತನಾಮ 'ಸುತ್ತಿಗೆ'. ನಿಜವಾದ ಹೆಸರು ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಗಂಡೋ ಹೆಣ್ಣೋ ಎಂಬುದೂ ಬರುವುದಿಲ್ಲ. ಕೊನೆಯ ಪುಟದಲ್ಲೂ ಇಲ್ಲ, ಸುಮ್ನೆ ಹಿಂದಿನಿಂದ ತಿರುವಿ ನೋಡಬೇಡಿ.

ನನಗೆ ರೇಗುವುದು ಪ್ರಶ್ನೆಗಲ್ಲ, ಕೇಳುವ ಧಾಟಿಗೆ. "ಸುತ್ತಿಗೆ ಹೆಂಗಸಾ?" ಎಂದು ಕೇಳುವವರು ಕಡಿಮೆ. "ಸುತ್ತಿಗೆ ಹೆಂಗಸಲ್ಲ ತಾನೇ?" ಎನ್ನುವವರೇ ಜಾಸ್ತಿ.

ಒಮ್ಮೆ ಪುಸ್ತಕದ ಬಗ್ಗೆ ಮಾತುಕತೆ ಇತ್ತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಹೆಂಗಸಾಗಿದ್ದರೆ ಹೆಸರಲ್ಲೇ ಒಂಚೂರು ಗೊತ್ತಾಗೋ ಹಾಗೆ ಇಡಬೇಕಿತ್ತು. ಮಲ್ಲಿಗೆ, ನಾಗಿಣಿ, ಹೀಗೆ ಏನಾದರೂ" ಎಂದರು. "ಹೆಸರಲ್ಲೇ ಗೊತ್ತಾದರೆ ಅದು ಗುಪ್ತನಾಮ ಹೇಗಾಗುತ್ತೆ ಸರ್?" ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಶತ್ರುವಿಗೆ ಗೊತ್ತಾಗೋದು ಬೇಡ. ಓದೋರಿಗೆ ಗೊತ್ತಾಗಬೇಕಲ್ಲ?" ಎಂದರು. ಆಗ ನನ್ನ ಬಾಯಿ ಕಟ್ಟಿತು. ಉತ್ತರ ಹೊಳೆದದ್ದು ಮನೆಗೆ ಬಂದು ಹಲ್ಲುಜ್ಜುವಾಗ. ಯಾವಾಗಲೂ ಹಾಗೇ ಅಲ್ವಾ?

ಉತ್ತರ ಇದು. ಸರ್, ಓದುವವರೂ ಶತ್ರುಗಳೇ. ಇಬ್ಬರೂ ಹೆಸರು ಹಿಡಿದೇ ಹುಡುಕಲು ಶುರು ಮಾಡುತ್ತಾರೆ. 1940ರಲ್ಲಿ ಜರ್ಮನ್ ಬಾಂಬರ್ ವಿಮಾನಗಳಿಗೆ ದಾರಿ ತೋರುವ ಹೊಸ ರೇಡಿಯೊ ಸಾಧನವೊಂದಕ್ಕೆ 'ವೋಟಾನ್' ಎಂಬ ಗುಪ್ತನಾಮವಿದೆ ಎಂದು ಬ್ರಿಟನ್ನಿನ ವಿಜ್ಞಾನಿ ಆರ್.ವಿ. ಜೋನ್ಸ್ ಅವರಿಗೆ ತಿಳಿಯಿತು. ವೋಟಾನ್ ಜರ್ಮನ್ ಪುರಾಣದ ಒಕ್ಕಣ್ಣಿನ ದೇವರು. ಒಂದೇ ಕಣ್ಣು, ಹಾಗಾದರೆ ಒಂದೇ ಕಿರಣದಿಂದ ಕೆಲಸ ಮಾಡುವ ಸಾಧನ ಇರಬೇಕು ಎಂದು ಅವರು ಊಹಿಸಿದರು. ಊಹೆ ಸರಿಯಾಗಿತ್ತು. ಯಾರೋ ಪುರಾಣದಿಂದ ಹೆಸರಿಟ್ಟರು, ಗುಟ್ಟು ಹೊರಬಿತ್ತು. 'ಮಲ್ಲಿಗೆ'ಯ ಪಾಡೂ ಅಷ್ಟೇ ಆಗುತ್ತಿತ್ತು.

ಹೆಸರಿನದು ಹಾಗಿರಲಿ. ಇದನ್ನೆಲ್ಲ ಕನ್ನಡದಲ್ಲಿ ಬಚ್ಚಿಡುವ ಕಷ್ಟ ನನಗೇ ಗೊತ್ತು. ಇಂಗ್ಲಿಷಿನಲ್ಲಿ ಬರೆಯುವವರು ಸರ್ವನಾಮವೊಂದನ್ನು ಹುಷಾರಾಗಿ ತಪ್ಪಿಸಿಕೊಂಡರೆ ಆಯಿತು. ನಮ್ಮಲ್ಲಿ ಕ್ರಿಯಾಪದವೇ ಚಾಡಿಕೋರ. ಬಂದನು, ಬಂದಳು. ವಾಕ್ಯ ಮುಗಿಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಸರಿ, ಆ ವೃತ್ತಿಗೊಂದು ಪದವಾದರೂ ಇದೆಯೇ? ಗೂಢಚಾರ ಎಂದರೆ ಗಂಡು. ಗೂಢಚಾರಿಣಿ ಎಂದರೆ ಹೆಣ್ಣು, ಜೊತೆಗೆ ಅರೆಬೆಳಕು, ತುಟಿಯ ಬಣ್ಣ, ಮೋಸ. ಬೇಹುಗಾರ, ಬೇಹುಗಾರ್ತಿಯದೂ ಅದೇ ಕತೆ. ಉಳಿದದ್ದು ಏಜೆಂಟ್. ಆ ಪದ ಕೇಳಿದರೆ ನನಗೆ ಜೀವವಿಮೆ ನೆನಪಾಗುತ್ತದೆ. ಆದರೂ ಅದನ್ನೇ ಇಟ್ಟುಕೊಂಡೆ. ಸಂಖ್ಯೆ ಕೊಡಬಹುದಿತ್ತಲ್ಲ ಎನ್ನುವವರಿದ್ದಾರೆ. 007 ಎಂದರೆ ಯಾರ ಮುಖ ಕಾಣುತ್ತದೆ? ನಮ್ಮ ಸಿಐಡಿ 999 ಎಂದರೆ ರಾಜ್‌ಕುಮಾರ್ ಅಲ್ಲದೆ ಇನ್ಯಾರು? ಸಂಖ್ಯೆಗೂ ಮೀಸೆ ಬಂದುಬಿಟ್ಟಿದೆ.

'ನಾನು' ಎಂದು ಬರೆಯಬಹುದಿತ್ತು. 'ನಾನು ಬಂದೆ' ಎಂದರೆ ಕನ್ನಡದಲ್ಲಿ ಯಾರಾದರೂ ಆಗಬಹುದು. ಹಿಂದಿಯಲ್ಲಾದರೆ ಅಲ್ಲೂ ರಟ್ಟಾಗುತ್ತದೆ. ಆದರೆ ಕತೆಯನ್ನು ಸುತ್ತಿಗೆಯೇ ಹೇಳಿದರೆ, ಆ ಜೀವ ಕೊನೆಯವರೆಗೆ ಉಳಿಯುತ್ತದೆ ಎಂದು ಮೊದಲ ಪುಟದಲ್ಲೇ ಎಲ್ಲರಿಗೂ ಗೊತ್ತಾಗುತ್ತದೆ. ಅದು ನನಗೆ ಬೇಕಿರಲಿಲ್ಲ.

ಹಾಗಾಗಿ ಇದ್ದ ದಾರಿ ಒಂದೇ. ಮರ್ಯಾದೆ.

240 ಪುಟ ಮರ್ಯಾದೆ ಕೊಟ್ಟೆ. ಸುತ್ತಿಗೆ ಬಂದರು. ಕಿಟಕಿ ಹಾರಿದರು. ಕಾವಲುಗಾರನ ಕುತ್ತಿಗೆ ಹಿಸುಕಿದರು. "ಕೊಲೆ ಮಾಡೋರಿಗೆ ಇಷ್ಟೊಂದು ಗೌರವ ಯಾಕೆ?" ಎಂದು ಒಬ್ಬರು ಪತ್ರ ಬರೆದರು. ಕರಡು ತಿದ್ದಿದವರಂತೂ ಏಳನೇ ಅಧ್ಯಾಯದ ಅಷ್ಟೂ 'ಬಂದರು'ಗಳನ್ನು 'ಬಂದನು' ಮಾಡಿ ಕಳಿಸಿದ್ದರು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಟಿಪ್ಪಣಿ: 'ಏಕವಚನ ಸಾಕು'. ಫೋನ್ ಮಾಡಿ, ಏಕವಚನ ಎಂದರೆ 'ಬಂದಳು' ಕೂಡ ಆಗಬಹುದಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸುತ್ತಿಗೆ ಅಲ್ವಾ?" ಎಂದರು.

ಈಗ ನನ್ನ ಕಳ್ಳತನವನ್ನೂ ಒಪ್ಪಿಕೊಳ್ಳುತ್ತೇನೆ. ಮೊದಲ ಕರಡಿನಲ್ಲಿ ಗುಪ್ತನಾಮ 'ಸೂಜಿ' ಎಂದಿತ್ತು. ಓದಿದ ಮೂವರೂ ಹೆಂಗಸು ಎಂದುಕೊಂಡರು. ಬೇರೊಂದು ಸಾಲನ್ನೂ ಮುಟ್ಟದೆ ಸೂಜಿಯನ್ನು ಸುತ್ತಿಗೆ ಮಾಡಿದೆ. ಆಮೇಲೆ ಓದಿದವರಿಗೆ ಗಂಡಸಾಯಿತು. ಹೆಸರು ಏನನ್ನೂ ಹೇಳಬಾರದು ಎಂದು ಅಷ್ಟು ಉಪದೇಶ ಮಾಡುವ ನಾನು, ಹೆಸರಿನಿಂದ ಸುಳ್ಳು ಹೇಳಿಸಿದೆ. ತಪ್ಪೇ ಇರಬಹುದು. ಆದರೆ ಇದು ಕಸುಬಿನವರೇ ಮಾಡಿದ ತಪ್ಪು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಜರ್ಮನರಿಗೆ ಸುಳ್ಳು ಸುದ್ದಿ ಉಣಿಸಿದ ಸ್ಪೇನಿನ ಹುವಾನ್ ಪುಜೋಲ್ ಗಾರ್ಸಿಯಾ ಅವರ ಗುಪ್ತನಾಮ 'ಗಾರ್ಬೊ'. ಚಿತ್ರನಟಿ ಗ್ರೇಟಾ ಗಾರ್ಬೊ ಹೆಸರು, ಅಷ್ಟು ಚೆನ್ನಾಗಿ ನಟಿಸುತ್ತಾರೆ ಎಂದು. ಇಲ್ಲದ 27 ಜನ ಸಹಾಯಕರನ್ನು ಅವರು ಕಾಗದದ ಮೇಲೆ ಹುಟ್ಟಿಸಿದ್ದರು. ಕತೆಗಾರರು ನಾಚಬೇಕು.

ನನಗೆ ಅದಕ್ಕಿಂತ ಇಷ್ಟವಾದದ್ದು ಕತ್ಬರ್ಟ್. ವರ್ಜೀನಿಯಾ ಹಾಲ್ ಎಂಬ ಅಮೆರಿಕದ ಮಹಿಳೆ ಫ್ರಾನ್ಸಿನೊಳಗೆ ಬ್ರಿಟಿಷರಿಗಾಗಿ ಬೇಹುಗಾರಿಕೆ ಮಾಡುತ್ತಿದ್ದರು. ಅವರಿಗೆ ಒಂದು ಕಾಲು ಮರದ್ದು. ಆ ಕಾಲಿಗೆ ಅವರೇ 'ಕತ್ಬರ್ಟ್' ಎಂದು ಗಂಡು ಹೆಸರಿಟ್ಟಿದ್ದರು. 1942ರ ನವೆಂಬರ್‌ನಲ್ಲಿ ಹಿಮ ತುಂಬಿದ ಪಿರನೀಸ್ ಬೆಟ್ಟಗಳನ್ನು ನಡೆದು ದಾಟಬೇಕಾಗಿ ಬಂತು. ಕತ್ಬರ್ಟ್ ತೊಂದರೆ ಕೊಡಬಹುದು ಎಂದು ಲಂಡನ್‌ಗೆ ಸಂದೇಶ ಕಳಿಸಿದರಂತೆ. ತೊಂದರೆ ಕೊಟ್ಟರೆ ಅವನನ್ನು ಮುಗಿಸಿಬಿಡಿ ಎಂದು ಉತ್ತರ ಬಂತಂತೆ. ಇದನ್ನು ನಾನು ಕತೆಯಲ್ಲಿ ಬರೆದಿದ್ದರೆ, ಅತಿಯಾಯಿತು ಎನ್ನುತ್ತಿದ್ದಿರಿ.

ಸರಿ. ಇಷ್ಟು ಜನ ಇಷ್ಟು ಸಲ ಕೇಳಿದಿರಿ. ಆದರೆ ಸುತ್ತಿಗೆಗೆ ಆ ಹೆಸರಿಟ್ಟವರು ಯಾರು ಎಂದು ಒಬ್ಬರಾದರೂ ಕೇಳಿದ್ದೀರಾ? ಜೇಮ್ಸ್ ಬಾಂಡ್ ಎಂಬ ಹೆಸರು ಎಲ್ಲಿಂದ ಬಂತು ಎಂದು ಎಲ್ಲರಿಗೂ ಗೊತ್ತು. ಸಪ್ಪೆ ಹೆಸರು ಹುಡುಕುತ್ತಿದ್ದ ಇಯಾನ್ ಫ್ಲೆಮಿಂಗ್ ಅದನ್ನು ಹಕ್ಕಿಗಳ ಪುಸ್ತಕ ಬರೆದ ಪಕ್ಷಿತಜ್ಞರಿಂದ ಎತ್ತಿಕೊಂಡರು. ಬಾಂಡ್‌ನ ಮೇಲಧಿಕಾರಿ 'ಎಂ'. 1995ರಲ್ಲಿ ನಟಿ ಜೂಡಿ ಡೆಂಚ್ ಆ ಕುರ್ಚಿಯಲ್ಲಿ ಕೂತಾಗಲೂ ಅಕ್ಷರ ಬದಲಾಗಲಿಲ್ಲ. ಆ ಕೋಣೆಯ ಹೊರಗೆ ಮೇಜಿನ ಹಿಂದೆ ಕೂತಿದ್ದ ಕಾರ್ಯದರ್ಶಿ ಮನಿಪೆನ್ನಿಗೆ ಮಾತ್ರ, 1962ರಿಂದ ಓಡುತ್ತಿರುವ ಆ ಸಿನಿಮಾಗಳಲ್ಲಿ, ಮನೆತನದ ಹೆಸರಲ್ಲದೆ ಸ್ವಂತ ಹೆಸರು ಸಿಕ್ಕಿದ್ದು 2012ರಲ್ಲಿ. ಈವ್. 50 ವರ್ಷ ಬೇಕಾಯಿತು.

ನನ್ನ ಕಾದಂಬರಿಯಲ್ಲಿ ಆ ಮೇಜಿನ ಹಿಂದೆ ಸರಳಾ ಇದ್ದಾಳೆ. ನೆನಪಿದೆಯೇ? ಇಲ್ಲ ತಾನೇ? ಮೂರನೇ ಅಧ್ಯಾಯದಲ್ಲಿ ರಿಜಿಸ್ಟರ್ ತೆಗೆಯುತ್ತಾಳೆ. 'ಏಣಿ' ಹಿಂದಿನ ವಾರ ಖರ್ಚಾಗಿದೆ, 'ಕಂದೀಲು' ಸತ್ತುಹೋದವರದು. ಮುಂದಿನ ಪದ 'ಸುತ್ತಿಗೆ'. ಅದರೆದುರು ನಿಜವಾದ ಹೆಸರು ಬರೆದು ಬೀಗ ಹಾಕುತ್ತಾಳೆ. ಇಡೀ ಪುಸ್ತಕದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಗೊತ್ತಿರುವುದು ಅವಳೊಬ್ಬಳಿಗೆ. 19ನೇ ಅಧ್ಯಾಯದಲ್ಲಿ ಎರಡು ರಾತ್ರಿ ಕೂರಿಸಿ ಕೇಳುತ್ತಾರೆ. ಬಾಯಿ ಬಿಡುವುದಿಲ್ಲ.

ಎರಡನೇ ಮುದ್ರಣಕ್ಕೆಂದು ಕಳೆದ ತಿಂಗಳು ಅದನ್ನು ಮತ್ತೆ ಓದಿದೆ. ಸುತ್ತಿಗೆ ಬಂದರು. ನಿರ್ದೇಶಕರು ಬಂದರು. ವಿಚಾರಣೆ ಮಾಡುವ ಕಟುಕನೂ ಒಂದೆರಡು ಕಡೆ 'ಬಂದರು'. ಸರಳಾ ಬಂದಳು. ಕಡತ ತಂದಿಟ್ಟಳು. ಹೇಳಲಾರೆ ಎಂದಳು.

ಹಳೆಯ ಕರಡು ತೆಗೆದು ನೋಡಿದೆ. ಆ ಪುಟಗಳಲ್ಲಿ ಪೆನ್ಸಿಲ್ ಗುರುತು ಒಂದೂ ಇರಲಿಲ್ಲ. ನಾನಂತೂ ಗಮನಿಸಿಯೇ ಇರಲಿಲ್ಲ. ಒಟ್ಟು 41 ಕಡೆ ಇದೆ. ಈಗ 17ರವರೆಗೆ ತಿದ್ದಿದ್ದೇನೆ.